ಗ್ಯಾರೇಜಿನ ಹಿಂದಿನ ಕುದುರೆ

ಬೆಳಗಾವಿಯಲ್ಲಿ ರೇಸ್‌ಕೋರ್ಸ್ ಎಲ್ಲಿದೆ ಎಂದು ಕೇಳಿದರೆ ಮಂದಿ ಹನುಮಾನ ನಗರ, ಜಾಧವ ನಗರದ ಕಡೆ ಕೈ ತೋರಿಸುತ್ತಾರೆ. ಹೋಗಿ ನೋಡಿದರೆ ಅಲ್ಲಿ ಆಡುವುದು ಗಾಲ್ಫ್. ದಂಡಿನವರ ಕಾಲದ ಹೆಸರು ಉಳಿದಿದೆ, ಕುದುರೆಗಳು ಹೋಗಿವೆ. ಈಚೆಗೆ ಆ ಬಯಲಿನಲ್ಲಿ ಓಡಿ ಹೆಸರು ಮಾಡಿದ ಪ್ರಾಣಿ ಎಂದರೆ 2022ರ ಆಗಸ್ಟಿನ ಚಿರತೆಯೊಂದೇ. ಸುತ್ತಲಿನ ಶಾಲೆಗಳಿಗೆಲ್ಲ ರಜೆ ಕೊಡಿಸಿ, ಸಕ್ರೆಬೈಲಿನಿಂದ ಆನೆಗಳನ್ನು ತರಿಸಿ, ಕೊನೆಗೂ ಯಾರ ಬಲೆಗೂ ಬೀಳದೆ ಅದು ಜಾಗ ಖಾಲಿ ಮಾಡಿತು.

ಹೀಗಾಗಿ ಕುದುರೆ ರೇಸಿನ ಬಗ್ಗೆ ಈ ಊರಿನಲ್ಲಿ ಯಾರಾದರೂ ಗಂಭೀರವಾಗಿ ಪ್ರಶ್ನೆ ಕೇಳಿಯಾರು ಎಂದು ನಾನು ಎಣಿಸಿರಲಿಲ್ಲ. ಕೇಳಿದ್ದು ಆಟೋ ನಗರದಲ್ಲಿ, ಲಾರಿ ಪಾಟಾ ಬಿಚ್ಚಿಟ್ಟುಕೊಂಡು ಕೂತಿದ್ದ ಮಿಸ್ತ್ರಿಯೊಬ್ಬರು. ಅವರ ಮೊಬೈಲಿನಲ್ಲಿ ಕಪ್ಪು-ಬಿಳಿ ವಿಡಿಯೊ ಓಡುತ್ತಿತ್ತು. ಹಿಂಡುಗಟ್ಟಿದ ಕುದುರೆಗಳು ಬೇಲಿಯೊಂದರ ಮುಂದೆ ಒಂದಕ್ಕೊಂದು ಡಿಕ್ಕಿ ಹೊಡೆದು ನಿಲ್ಲುತ್ತವೆ, ಸವಾರರು ಆಚೆ ಈಚೆ ಉರುಳುತ್ತಾರೆ, ಎಲ್ಲೋ ಹಿಂದಿನಿಂದ ಬಂದ ಕುದುರೆಯೊಂದು ಸಂದಿಯಲ್ಲಿ ನುಸುಳಿ ಜಿಗಿದು ಹೋಗುತ್ತದೆ. ‘ಇದೇನ್ರೀ ಸರ, ರೇಸೋ ಸರ್ಕಸ್ಸೋ? ನಮ್ಮ ಬೆಂಗಳೂರಾಗ ಹಿಂಗ ಜಿಗಸೂದಿಲ್ಲಲ್ರಿ, ಯಾಕ?’ ಎಂದರು. ಅವರಿಗೆ ಅಲ್ಲಿ ಕೊಟ್ಟದ್ದು ಅರ್ಧ ಉತ್ತರ. ಉಳಿದರ್ಧ ಈ ವಾರದ ಅಂಕಣಕ್ಕೆ.

ಆ ವಿಡಿಯೊ 1967ರ ಗ್ರ್ಯಾಂಡ್ ನ್ಯಾಷನಲ್ ರೇಸಿನದು. ಜಾಗ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಅಂಚಿನ ಐಂಟ್ರಿ. ಸವಾರನನ್ನು ಮೊದಲೇ ಕೆಡವಿದ್ದ ಖಾಲಿ ಕುದುರೆಯೊಂದು 23ನೇ ಬೇಲಿಯ ಮುಂದೆ ಅಡ್ಡಡ್ಡ ಓಡಿತು. ಹಿಂದೆ ಬರುತ್ತಿದ್ದವೆಲ್ಲ ಗಲಿಬಿಲಿಗೊಂಡು ನಿಂತವು. ಬಹುದೂರ ಹಿಂದುಳಿದಿದ್ದ ಫೊಯ್ನಾವನ್ ಎಂಬ ಕುದುರೆಯ ಸವಾರ ಜಾನ್ ಬಕಿಂಗ್‌ಹ್ಯಾಮ್‌ಗೆ ಮಾತ್ರ ಏನಾಗುತ್ತಿದೆ ಎಂದು ನೋಡಲು ಪುರುಸೊತ್ತು ಸಿಕ್ಕಿತು. ಒಂದಕ್ಕೆ ನೂರರ ಬಾಜಿಯ ಆ ಕುದುರೆ ಗೆದ್ದಿತು. ಹಿಂದೆ ಬಿದ್ದದ್ದರಿಂದಲೇ ಗೆದ್ದ ಕುದುರೆ ರೇಸಿನ ಇತಿಹಾಸದಲ್ಲಿ ಇನ್ನೊಂದು ಸಿಗುವುದು ಕಷ್ಟ. ಆ ಬೇಲಿಗೆ ಈಗ ಅದರದೇ ಹೆಸರು. ನಾಲ್ಕೂವರೆ ಅಡಿ ಎತ್ತರದ ಅದು ಆ ಮೈದಾನದ ಗಿಡ್ಡ ಬೇಲಿಗಳಲ್ಲೊಂದು ಎಂಬುದೂ ತಮಾಷೆಯೇ.

ಕುದುರೆ ರೇಸಿನಲ್ಲಿ ಎರಡು ಜಾತಿ. ಬೆಂಗಳೂರು, ಮೈಸೂರು, ಮುಂಬೈ, ಪುಣೆಗಳಲ್ಲಿ ನಡೆಯುವುದು ಸಪಾಟು ನೆಲದ ಓಟ. ಅಲ್ಲಿ ವೇಗವೇ ಸರ್ವಸ್ವ. ಎರಡನೆಯದರಲ್ಲಿ ದಾರಿಗೆ ಅಡ್ಡಲಾಗಿ ಬೇಲಿ, ಕಂದಕ, ನೀರು ಇರುತ್ತವೆ. ಇದರಲ್ಲೂ ಎರಡು ಬಗೆ. ಕುದುರೆ ತಾಗಿದರೆ ಬಾಗುವ, ಸುಮಾರು ಮೂರೂವರೆ ಅಡಿಯ ಹಗುರ ತಡೆಗಳದ್ದು ಹರ್ಡಲ್. ನಾಲ್ಕೂವರೆ ಅಡಿ ಮತ್ತು ಅದಕ್ಕೂ ಮೇಲಿನ ಗಟ್ಟಿ ಬೇಲಿಗಳದ್ದು ಸ್ಟೀಪಲ್‌ಚೇಸ್. ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಅವಿನಾಶ್ ಸಾಬ್ಳೆ ಓಡುವ 3,000 ಮೀಟರ್ ಸ್ಟೀಪಲ್‌ಚೇಸನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಇದು ಹೊಸದೆನಿಸಲಿಕ್ಕಿಲ್ಲ. 28 ಕಟ್ಟಿಗೆಯ ತಡೆ, ಏಳು ಸಲ ನೀರಿನ ಹೊಂಡ ದಾಟುವ ಆ ಓಟವನ್ನು ಮನುಷ್ಯರು ಕುದುರೆಗಳಿಂದ ಕಲಿತರು.

ಕುದುರೆಗಳು ಕಲಿತದ್ದು ಐರ್ಲೆಂಡಿನ ಹೊಲಗಳಲ್ಲಿ. 1752ರಲ್ಲಿ ಕಾರ್ಕ್ ಸೀಮೆಯ ಇಬ್ಬರು ಗೌಡಕಿಯ ಗೃಹಸ್ಥರು, ಕಾರ್ನೀಲಿಯಸ್ ಓ’ಕ್ಯಾಲಹನ್ ಮತ್ತು ಎಡ್ಮಂಡ್ ಬ್ಲೇಕ್, ಪಂಥ ಕಟ್ಟಿದರು. ಬಟವಂಟ್ ಊರಿನ ಚರ್ಚಿನಿಂದ ಡೊನರೈಲ್ ಊರಿನ ಚರ್ಚಿಗೆ ಯಾರು ಮೊದಲು ಮುಟ್ಟುತ್ತಾರೆ? ದೂರ ಸುಮಾರು ನಾಲ್ಕೂವರೆ ಮೈಲಿ. ರಸ್ತೆ ಹಿಡಿಯುವಂತಿಲ್ಲ. ದೂರದಲ್ಲಿ ಕಾಣುವ ಚರ್ಚಿನ ಗೋಪುರವೇ ಗುರುತು, ನಡುವೆ ಬಂದ ಕಲ್ಲಿನ ಒಡ್ಡು, ಮುಳ್ಳಬೇಲಿ, ಹಳ್ಳ ಎಲ್ಲ ಹಾರಿಯೇ ಹೋಗಬೇಕು. ಮುಂದೆ ಇಂಗ್ಲೆಂಡಿನ ನರಿಬೇಟೆಯ ಸವಾರರು ಇದನ್ನು ಎತ್ತಿಕೊಂಡರು. ಬೇಟೆಗೆ ಹೋದ ಕುದುರೆಗೆ ಬೇಲಿ ಹಾರುವುದು ದಿನದ ಕೆಲಸವಾದ್ದರಿಂದ ಯಾರ ಕುದುರೆ ಚೆಂದ ಹಾರುತ್ತದೆ ಎಂಬ ಜಂಬ ಸಹಜವಾಗಿಯೇ ಪಂದ್ಯಕ್ಕೆ ತಿರುಗಿತು.

ಇಲ್ಲಿ ನೆಲದ ಮಾತು ಬರುತ್ತದೆ, ಮಿಸ್ತ್ರಿಯ ಪ್ರಶ್ನೆಗೆ ಮೊದಲ ಉತ್ತರವೂ ಅದೇ. ಐದು ಕ್ವಿಂಟಲ್ ತೂಗುವ ಕುದುರೆ ಬೇಲಿ ಹಾರಿ ಕೆಳಗಿಳಿಯುವಾಗ ಮೊದಲು ನೆಲ ಮುಟ್ಟುವುದು ಒಂದೇ ಮುಂಗಾಲು. ಗಂಟೆಗೆ 45-50 ಕಿಲೊಮೀಟರ್ ವೇಗದಲ್ಲಿ ಬರುವ ಅಷ್ಟೂ ಭಾರ ಒಂದು ಕ್ಷಣ ಆ ಕಾಲಿನ ಮೇಲೆ. ನೆಲ ಗಟ್ಟಿಯಿದ್ದರೆ ಎಲುಬು ಉಳಿಯುವುದಿಲ್ಲ. ಐರ್ಲೆಂಡ್, ಇಂಗ್ಲೆಂಡುಗಳಲ್ಲಿ ಹಿಂಗಾರಿನಿಂದ ವಸಂತದವರೆಗೆ ಹುಲ್ಲಿನಡಿಯ ಮಣ್ಣು ಒದ್ದೆಯಾಗಿಯೇ ಇರುತ್ತದೆ, ಜಿಗಿತದ ರೇಸಿನ ಮುಖ್ಯ ಹಂಗಾಮೂ ಅದೇ. ಖಾನಾಪುರದಾಚೆ ಜಾಂಬೋಟಿ, ಕಣಕುಂಬಿ ಕಡೆ ಶ್ರಾವಣದಲ್ಲಿ ಹೋದವರಿಗೆ ಆ ನೆಲದ ಅಂದಾಜು ಸಿಗಬಹುದು: ಹಸಿರು, ಜಡಿಮಳೆ, ಕಾಲಿಟ್ಟಲ್ಲಿ ಹೂತುಹೋಗುವ ಮಣ್ಣು. ಆದರೆ ಅದೇ ನೆಲ ಶಿವರಾತ್ರಿಯ ಹೊತ್ತಿಗೆ ಕಲ್ಲಾಗಿರುತ್ತದೆ. ನಮ್ಮಲ್ಲಿ ಕೆಸರು ಇಲ್ಲವೇ ಕಲ್ಲು. ಕುದುರೆ ಜಿಗಿಯಲು ಬೇಕಾದ ನಡುವಿನ ಹದ ಬೇಗನೆ ಕೈತಪ್ಪಿ ಹೋಗುತ್ತದೆ.

ನಾನು ಐಂಟ್ರಿಗೆ ಹೋದದ್ದು ಅಕ್ಕನ ಮಗನ ದೆಸೆಯಿಂದ. ಬೆಳಗಾವಿಯಲ್ಲೇ ವೈದ್ಯಕೀಯ ಓದಿ ಆ ಸೀಮೆಯಲ್ಲಿ ಡಾಕ್ಟರಾಗಿರುವ ನಮ್ಮ ಕಡೆಯ ಹುಡುಗರು ಹಲವರು. ಇವನೂ ಅವರಲ್ಲಿ ಒಬ್ಬ. ‘ಮಾಮಾ, ಫುಟ್‌ಬಾಲ್ ಎಲ್ಲರೂ ನೋಡ್ತಾರ, ನೀವು ಇದನ್ನ ನೋಡ್ರಿ’ ಎಂದು ಡಿಸೆಂಬರಿನ ಚಳಿಯಲ್ಲಿ ಹೊರಡಿಸಿದ. ಲಿವರ್‌ಪೂಲ್ ಸೆಂಟ್ರಲ್‌ನಿಂದ ಲೋಕಲ್ ರೈಲಿನಲ್ಲಿ ಕಾಲು ಗಂಟೆ, ಐಂಟ್ರಿ ನಿಲ್ದಾಣದಲ್ಲಿ ಇಳಿದರೆ ರಸ್ತೆಯಾಚೆಯೇ ಮೈದಾನ. ಅರಮನೆಯ ಗತ್ತಿನ ಜಾಗವೊಂದನ್ನು ಎಣಿಸಿ ಹೋದವನಿಗೆ ಕಂಡದ್ದು ಸುತ್ತ ಕಾರ್ಖಾನೆ ಷೆಡ್ಡು, ಗೋದಾಮು, ಸಾಲುಮನೆಗಳ ನಡುವಿನ ದೊಡ್ಡ ಹಸಿರು ಬಯಲು. ಒಂದು ಡಾಂಬರು ರಸ್ತೆ ಓಟದ ದಾರಿಯನ್ನೇ ಅಡ್ಡ ಹಾಯ್ದು ಹೋಗುತ್ತದೆ, ಹೆಸರು ಮೆಲ್ಲಿಂಗ್ ರೋಡ್. ರೇಸಿನ ದಿನ ಅದಕ್ಕೆ ಹೊದಿಕೆ ಹಾಸಿ ಕುದುರೆಗಳನ್ನು ದಾಟಿಸುತ್ತಾರೆ. ಒಂದು ಬದಿಗೆ ಹಳೆಯ ಕಾಲುವೆ. ಆ ಕಾಲುವೆಯ ಬಳಿ ಓಟದ ದಾರಿ ಹೆಚ್ಚುಕಡಿಮೆ ಕಾಟಕೋನದಲ್ಲಿ ಎಡಕ್ಕೆ ತಿರುಗುತ್ತದೆ, ಅಲ್ಲಿಯೂ ಒಂದು ಬೇಲಿ.

ಈ ಜಾಗವನ್ನು ರೇಸ್ ಮೈದಾನ ಮಾಡಿದವನು ರಾಜನೂ ಅಲ್ಲ, ದಂಡಿನವನೂ ಅಲ್ಲ. ವಿಲಿಯಂ ಲಿನ್ ಎಂಬ ಹೋಟೆಲು ಮಾಲೀಕ. ಸೆಫ್ಟನ್ ಪ್ರಭುವಿನಿಂದ ಜಾಗವನ್ನು ಲಾವಣಿಗೆ ಪಡೆದು 1829ರಲ್ಲಿ ಸಪಾಟು ಓಟ ಶುರುಮಾಡಿದ. ಇಂದು ಗ್ರ್ಯಾಂಡ್ ನ್ಯಾಷನಲ್ ಎಂದು ಕರೆಯುವ ರೇಸಿನ ಲೆಕ್ಕ ಅಧಿಕೃತವಾಗಿ ಹಿಡಿಯುವುದು 1839ರಿಂದ. ಗೆದ್ದ ಕುದುರೆ ಲಾಟರಿ, ಸವಾರ ಜೆಮ್ ಮೇಸನ್. ಗೆದ್ದವರಿಗಿಂತ ಹೆಚ್ಚು ಹೆಸರು ಉಳಿದದ್ದು ಬಿದ್ದವನದು. ಕ್ಯಾಪ್ಟನ್ ಬೆಚರ್ ಕುದುರೆಯ ಮೇಲಿಂದ ಹಳ್ಳಕ್ಕೆ ಬಿದ್ದು, ಉಳಿದ ಕುದುರೆಗಳು ತಲೆಯ ಮೇಲೆ ಹಾರಿಹೋಗುವವರೆಗೆ ನೀರಿನಲ್ಲೇ ಮುದುಡಿ ಕೂತ. ಆ ಬೇಲಿ ಇಂದಿಗೂ ಬೆಚರ್ಸ್ ಬ್ರುಕ್.

ನ್ಯಾಷನಲ್ ಓಟ ಎರಡು ಸುತ್ತು, ಒಟ್ಟು ಸುಮಾರು 6.9 ಕಿಲೊಮೀಟರ್. ನಮ್ಮ ಇಂಡಿಯನ್ ಡರ್ಬಿ 2,400 ಮೀಟರ್ ಎಂದರೆ ವ್ಯತ್ಯಾಸ ಗೊತ್ತಾಗುತ್ತದೆ. ಬೇಲಿಗಳು ಹದಿನಾರು, ಹದಿನಾಲ್ಕನ್ನು ಎರಡೆರಡು ಸಲ, ಎರಡನ್ನು ಒಂದೊಂದೇ ಸಲ, ಹೀಗೆ ಮೂವತ್ತು ಜಿಗಿತ. ಬೇಲಿಯ ಮೈತುಂಬ ಹಸಿರು ಸ್ಪ್ರೂಸ್ ಗಿಡದ ಟೊಂಗೆ ಹೊದಿಸಿರುತ್ತಾರೆ. ಒಳಗಿನ ಅಸ್ಥಿಪಂಜರ ಮೊದಲು ಮರದ್ದಿತ್ತು, 2013ರಿಂದ ಬಾಗುವ ಪ್ಲಾಸ್ಟಿಕ್ ಕಡ್ಡಿಗಳದ್ದು. ಬೆಚರ್ಸ್ ಬ್ರುಕ್‌ನಲ್ಲಿ ಇಳಿಯುವ ಬದಿಯ ನೆಲ ಏರುವ ಬದಿಗಿಂತ ತಗ್ಗು. ಮೆಟ್ಟಿಲು ಇಳಿಯುವಾಗ ಕತ್ತಲಲ್ಲಿ ಕೊನೆಯದೊಂದು ಮೆಟ್ಟಿಲು ಲೆಕ್ಕ ತಪ್ಪಿದರೆ ನಮಗೆ ಏನಾಗುತ್ತದೋ ಕುದುರೆಗೆ ಅಲ್ಲಿ ಅದಾಗುತ್ತದೆ. ದಿ ಚೇರ್ ಎಂಬ ಬೇಲಿಯಲ್ಲಿ ಇದು ಉಲ್ಟಾ: ಮುಂದೆ ಅಗಲ ಕಂದಕ, ಬೇಲಿ 5 ಅಡಿ 2 ಅಂಗುಲ, ಇಳಿಯುವ ಬದಿಯ ನೆಲ ಎತ್ತರ. ಪ್ರೇಕ್ಷಕರ ಗ್ಯಾಲರಿಯ ಮುಂದೆಯೇ ಇರುವುದರಿಂದ ಇದನ್ನು ಸಮೀಪದಿಂದ ನೋಡಬಹುದು. ಟಿ.ವಿ.ಯಲ್ಲಿ ಕಾಣದ ಸಂಗತಿ ಸದ್ದು. ಮೊದಲು ನೆಲದೊಳಗಿಂದ ಬರುವ ಗೊರಸಿನ ಗುಡುಗು, ಆಮೇಲೆ ಟೊಂಗೆಗಳನ್ನು ಹೊಟ್ಟೆ ಸವರಿಕೊಂಡು ಹೋಗುವ ಸರಸರ, ಅದರ ಜೊತೆಗೇ ಸವಾರರ ಬಯ್ಗುಳ. ಬಯ್ಗುಳವಂತೂ ಯಾವ ಭಾಷೆಯದಾದರೂ ಅರ್ಥವಾಗುವಂಥದು.

ಬೇಲಿಯ ಬುಡದ ಅಡಿಹಲಗೆಗಳನ್ನು ಗಮನಿಸಲು ಹೇಳಿದವನೂ ಅಳಿಯನೇ. ಬ್ರಿಟನ್ನಿನ ಜಿಗಿತದ ಮೈದಾನಗಳಲ್ಲಿ ಇವು ಬಹುಕಾಲ ಕಿತ್ತಳೆ ಬಣ್ಣದವು. ಮನುಷ್ಯನ ಕಣ್ಣಿಗೆ ಹಸಿರಿನ ನಡುವೆ ಕಿತ್ತಳೆ ಎದ್ದು ಕಾಣುತ್ತದೆ ಎಂದು ಹಾಕಿದ್ದು. ಕುದುರೆಗೆ ಕಾಣುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನೇ ಪರೀಕ್ಷಿಸಿದರು. ಕುದುರೆಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು, ಹಸಿರು-ಕಿತ್ತಳೆ ಎರಡೂ ಅದಕ್ಕೆ ಒಂದೇ ತೆರನಾದ ಮಬ್ಬು. 2022ರಿಂದ ಹಲಗೆಗಳು ಬಿಳಿಯಾದವು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿರುವುದರಿಂದ ಮೂಗಿನ ನೇರ ಮುಂದೆ ಅದಕ್ಕೆ ಕುರುಡು ಜಾಗವೂ ಇದೆ. ಅಂದರೆ ಬೇಲಿಯ ತೀರ ಹತ್ತಿರ ಬಂದಾಗ ಅದು ತಾನು ಹಾರುತ್ತಿರುವುದನ್ನು ಸರಿಯಾಗಿ ನೋಡುತ್ತಿರುವುದಿಲ್ಲ, ಮೊದಲೇ ಅಳೆದಿಟ್ಟುಕೊಂಡ ನೆನಪಿನ ಮೇಲೆ ಹಾರುತ್ತದೆ. ಸವಾರನ ಕಸುಬೆಲ್ಲ ಇರುವುದು ಆ ಅಳತೆಯಲ್ಲಿ. ಇನ್ನು ಮೂರು ಹೆಜ್ಜೆಯೋ ನಾಲ್ಕೋ ಎಂದು ದೂರದಿಂದಲೇ ಲೆಕ್ಕ ಹಿಡಿದು ಲಗಾಮಿನಲ್ಲಿ ತಿಳಿಸಬೇಕು.

ಈಗ ಗ್ಯಾರೇಜಿನ ಕಥೆ. ಈ ಮೈದಾನದ ಅತಿ ದೊಡ್ಡ ಹೆಸರು ರೆಡ್ ರಮ್. ನ್ಯಾಷನಲ್ಲನ್ನು ಮೂರು ಸಲ ಗೆದ್ದ ಕುದುರೆ ಇದೊಂದೇ: 1973, 1974, 1977. ನಡುವಿನ ಎರಡು ವರ್ಷ ಎರಡನೇ ಸ್ಥಾನ. ಐರ್ಲೆಂಡಿನಲ್ಲಿ 1965ರಲ್ಲಿ ಹುಟ್ಟಿದ ಇದನ್ನು ಸಾಕಿದ್ದು ಸಣ್ಣ ಓಟಗಳಿಗೆ. ಎರಡು ವರ್ಷದ ಮರಿಯಾಗಿದ್ದಾಗ ಇದೇ ಐಂಟ್ರಿಯಲ್ಲಿ, ಫೊಯ್ನಾವನ್ ಗೆದ್ದ ಹಿಂದಿನ ದಿನ, ಐದು ಫರ್ಲಾಂಗಿನ ಸಪಾಟು ಓಟದಲ್ಲಿ ಇನ್ನೊಂದು ಕುದುರೆಯ ಜೊತೆ ಸಮಸಮ ಬಂದಿತ್ತು. ಆಮೇಲೆ ಕೈಯಿಂದ ಕೈಗೆ ಮಾರಾಟವಾಗುತ್ತ 1972ರಲ್ಲಿ 6,000 ಗಿನಿಗೆ ಬಂದು ಸೇರಿದ್ದು ಸೌತ್‌ಪೋರ್ಟಿನ ಜಿಂಜರ್ ಮೆಕೇನ್ ಎಂಬಾತನ ಲಾಯಕ್ಕೆ. ಮೆಕೇನ್ ಟ್ಯಾಕ್ಸಿ ಓಡಿಸಿದವನು, ಹಳೆ ಕಾರು ಮಾರುವವನು. ಲಾಯ ಇದ್ದದ್ದು ಅವನ ಕಾರಿನ ಷೋರೂಮಿನ ಹಿಂಬದಿ. ಕುದುರೆ ಕೊಂಡ ಮುದುಕ ನೋಯೆಲ್ ಲ ಮೇರ್ ಕೂಡ ಅವನ ಟ್ಯಾಕ್ಸಿಯ ಗಿರಾಕಿ.

ತಂದ ಹೊಸದರಲ್ಲೇ ಕುದುರೆ ಕುಂಟುವುದು ಕಂಡಿತು. ಗೊರಸಿನೊಳಗಿನ ಎಲುಬಿಗೆ ಸುಲಭಕ್ಕೆ ವಾಸಿಯಾಗದ ಬೇನೆ. ಬೇರೆ ಯಾವ ತರಬೇತುದಾರನಾದರೂ ವಾಪಸು ಅಟ್ಟುತ್ತಿದ್ದ. ಮೆಕೇನನಿಗೆ ಹುಲ್ಲಿನ ಗ್ಯಾಲಪ್ ದಾರಿ ಇರಲಿಲ್ಲ, ಅಭ್ಯಾಸ ಮಾಡಿಸಲು ಇದ್ದದ್ದು ಸೌತ್‌ಪೋರ್ಟಿನ ಸಮುದ್ರದ ದಂಡೆ. ಅಲ್ಲಿಯ ಮೆತ್ತನೆಯ ಉಸುಕು, ಉಪ್ಪುನೀರು ಆ ಕಾಲಿಗೆ ಮದ್ದಾದವು. ಬಡತನದ ವ್ಯವಸ್ಥೆಯೇ ಔಷಧವಾದದ್ದು. 1973ರ ಓಟದಲ್ಲಿ ಕ್ರಿಸ್ಪ್ ಎಂಬ ಆಸ್ಟ್ರೇಲಿಯದ ಕುದುರೆ ರೆಡ್ ರಮ್‌ಗಿಂತ 23 ಪೌಂಡ್ ಹೆಚ್ಚು ಭಾರ ಹೊತ್ತುಕೊಂಡು, ಉಳಿದವರನ್ನೆಲ್ಲ ಬಹುದೂರ ಹಿಂದೆ ಬಿಟ್ಟು ಓಡಿತು. ಕೊನೆಯ ಬೇಲಿ ದಾಟಿದ ಮೇಲೆ ಗುರಿಗೆ ಇರುವ ನೇರದಾರಿ ಇಲ್ಲಿ ಬಲು ಉದ್ದ. ಅಲ್ಲಿ ಕ್ರಿಸ್ಪ್‌ನ ಕಾಲು ಸೋತವು, ರೆಡ್ ರಮ್ ಮುಕ್ಕಾಲು ಕುದುರೆಯಳತೆಯಿಂದ ದಾಟಿತು. ಸಮಯ 9 ನಿಮಿಷ 1.9 ಸೆಕೆಂಡು, ಆಗಿನ ದಾಖಲೆ. ಆ ವಿಡಿಯೊ ನೋಡಿದವರಲ್ಲಿ ಬಹುತೇಕರ ಕನಿಕರ ಸೋತ ಕುದುರೆಯ ಕಡೆಗೇ ವಾಲುತ್ತದೆ, ನನ್ನದೂ ಅಷ್ಟೇ.

ರೆಡ್ ರಮ್ ಗೆಲ್ಲುತ್ತಿದ್ದ ಅದೇ ವರ್ಷಗಳಲ್ಲಿ ಐಂಟ್ರಿಯ ಜಾಗವೇ ಮುಳುಗುವ ಸ್ಥಿತಿಯಲ್ಲಿತ್ತು. 1973ರಲ್ಲಿ ಮೈದಾನ ಕಟ್ಟಡ ಉದ್ಯಮಿಯೊಬ್ಬನ ಕೈಗೆ ಹೋಯಿತು. ಪ್ರತಿವರ್ಷ ‘ಇದೇ ಕೊನೆಯ ನ್ಯಾಷನಲ್’ ಎಂಬ ಗುಲ್ಲು. ಒಂದು ಕುದುರೆಯ ಮೇಲಿನ ಜನರ ಅಕ್ಕರೆ ಓಟವನ್ನು ಜೀವಂತ ಇಟ್ಟಿತು, ಕೊನೆಗೆ 1983ರಲ್ಲಿ ಸಾರ್ವಜನಿಕರಿಂದ ವಂತಿಗೆ ಎತ್ತಿ ಜಾಕಿ ಕ್ಲಬ್ಬು ಮೈದಾನವನ್ನು ಕೊಂಡಿತು. ಬೆಂಗಳೂರು ಟರ್ಫ್ ಕ್ಲಬ್ಬಿನ ಗುತ್ತಿಗೆ 2009ರ ಡಿಸೆಂಬರ್ 31ಕ್ಕೆ ಮುಗಿದು, ನಗರದ ನಡುಮಧ್ಯದ ಆ ಜಾಗದ ಸುತ್ತ ಸರಕಾರ-ಕೋರ್ಟು-ಕ್ಲಬ್ಬಿನ ಜಗ್ಗಾಟ ವರ್ಷಗಟ್ಟಲೆ ನಡೆದದ್ದನ್ನು ಪತ್ರಿಕೆಯಲ್ಲಿ ಓದಿದವರು ಒಂದು ಮಾತು ಗಮನಿಸಿರಬಹುದು. ಆ ಜಗ್ಗಾಟದಲ್ಲಿ ಯಾವ ಕುದುರೆಯ ಹೆಸರೂ ಯಾರ ಬಾಯಲ್ಲೂ ಬರಲಿಲ್ಲ.

ಅದಕ್ಕೆ ಕಾರಣ ಇದೆ, ಮಿಸ್ತ್ರಿಗೆ ಎರಡನೆಯ ಉತ್ತರವೂ ಅದರಲ್ಲೇ ಇದೆ. ಸಪಾಟು ರೇಸಿನಲ್ಲಿ ಕುದುರೆ ಎರಡು-ಮೂರು ವರ್ಷಕ್ಕೆ ಓಟಕ್ಕಿಳಿಯುತ್ತದೆ. ಚೆನ್ನಾಗಿ ಗೆದ್ದ ಗಂಡುಕುದುರೆಯನ್ನು ನಾಲ್ಕೈದು ವರ್ಷಕ್ಕೆ ಓಟ ಬಿಡಿಸಿ ತಳಿಗೆ ಕಟ್ಟುತ್ತಾರೆ, ಏಕೆಂದರೆ ನಿಜವಾದ ದುಡ್ಡು ಇರುವುದು ಮರಿಗಳಲ್ಲಿ. ಟಿಪ್ಪುವಿನ ಕಾಲದಿಂದ ನಡೆದುಬಂದ ನಮ್ಮ ಕುಣಿಗಲ್ ಸ್ಟಡ್ ಫಾರ್ಮ್ ಬದುಕಿದ್ದೇ ಆ ಲೆಕ್ಕದ ಮೇಲೆ. ಜನ ಹೆಸರು ಕಲಿಯುವಷ್ಟರಲ್ಲಿ ಕುದುರೆ ಮೈದಾನದಿಂದ ಮಾಯ. ಜಿಗಿತದ ಕುದುರೆಗಳು ಬಹುಪಾಲು ಬೀಜ ಒಡೆದವು. ತಳಿಗೆ ಬಾರದ ಕುದುರೆಯನ್ನು ಓಡಿಸದೆ ಬೇರೆ ದಾರಿಯಿಲ್ಲ, ಆದ್ದರಿಂದ ಹತ್ತು-ಹನ್ನೆರಡು ವರ್ಷದವರೆಗೂ ಓಡುತ್ತವೆ. ನ್ಯಾಷನಲ್ಲಿಗೆ ಏಳು ವರ್ಷ ತುಂಬದ ಕುದುರೆಗೆ ಪ್ರವೇಶವೇ ಇಲ್ಲ. ಹೊರುವ ಭಾರವೂ ಹೆಚ್ಚು, ಸವಾರ-ಜೀನು ಸೇರಿ 64ರಿಂದ 75 ಕಿಲೊವರೆಗೆ. ಹೀಗಾಗಿ ಜಾಕಿಗಳೂ ಗಟ್ಟಿಮುಟ್ಟಾದ ಮಂದಿ. ಈ ಓಟದಲ್ಲಿ ಹೆಂಗಸರಿಗೆ ಬಲ ಸಾಲದು ಎಂಬ ಹಳೆಯ ಮಾತನ್ನು 2021ರಲ್ಲಿ ಐರ್ಲೆಂಡಿನ ರೇಚಲ್ ಬ್ಲ್ಯಾಕ್‌ಮೋರ್ ಮಿನೆಲ್ಲಾ ಟೈಮ್ಸ್ ಎಂಬ ಕುದುರೆಯ ಮೇಲೆ ಗೆದ್ದು ಮುಗಿಸಿದರು. ಝೆಕ್ ದೇಶದ ಪಾರ್ದುಬಿತ್ಸೆಯಲ್ಲಿ 1874ರಿಂದ ನಡೆಯುವ, ಇದಕ್ಕಿಂತ ಕಠಿಣ ಎನ್ನಿಸಿಕೊಂಡ ಸ್ಟೀಪಲ್‌ಚೇಸನ್ನು ಲಾತಾ ಬ್ರಾಂಡಿಸೊವಾ ಎಂಬಾಕೆ 1937ರಲ್ಲೇ ಗೆದ್ದಿದ್ದರು.

ತಳಿಯ ದುಡ್ಡಿಲ್ಲದ ಕಡೆ ಅರಬ್ ಶೇಖರೂ ಅರಸರೂ ಕಡಿಮೆ ಸುಳಿಯುತ್ತಾರೆ. ಇಂಗ್ಲೆಂಡು-ಐರ್ಲೆಂಡಿನ ಹಳ್ಳಿಗಳಲ್ಲಿ ರೈತರು, ಕಟುಕರು, ಗುತ್ತಿಗೆದಾರರು ಒಂದೆರಡು ಜಿಗಿತದ ಕುದುರೆ ಕಟ್ಟಿಕೊಂಡಿರುತ್ತಾರೆ. ನಾಲ್ಕೈದು ಗೆಳೆಯರು ಪಾಲು ಹಾಕಿ ಒಂದನ್ನು ಸಾಕುವುದೂ ಉಂಟು. ಚಳಿಗಾಲ ಮುಗಿಯುವ ಹೊತ್ತಿಗೆ ಹೊಲಗಳಲ್ಲೇ ಹವ್ಯಾಸಿಗಳ ಓಟ ನಡೆಯುತ್ತದೆ. ಆದ್ದರಿಂದ ನನ್ನ ಲೆಕ್ಕದಲ್ಲಿ ಐಂಟ್ರಿಗೆ ನೆಂಟಸ್ತನ ಇರುವುದು ಬೆಂಗಳೂರಿನ ಟರ್ಫ್ ಕ್ಲಬ್ಬಿನ ಜೊತೆಗಲ್ಲ, ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿಯ ಜಾತ್ರೆಗಳ ಶರ್ಯತ್ತಿನ ಜೊತೆಗೆ. ಜೋಡೆತ್ತಿನ ಗಾಡಿ, ಕುದುರೆ ಗಾಡಿ, ಒಂದು ಕುದುರೆ ಒಂದು ಎತ್ತು ಹೂಡಿದ ಗಾಡಿ ಎಂದು ನಮ್ಮಲ್ಲಿ ಎಷ್ಟು ಬಗೆ! ಅದೇ ಹೊಲದ ಮಂದಿ, ಅದೇ ಮನೆತನದ ಜಂಬ, ಗೆದ್ದ ಪ್ರಾಣಿಗೆ ಅದೇ ಗುಲಾಲು ಮೆರವಣಿಗೆ. ಅಲ್ಲಿ ನೆಲ ಒದ್ದೆಯಾಗಿದ್ದಕ್ಕೆ ಕುದುರೆ ಬೇಲಿ ಹಾರಿತು. ಇಲ್ಲಿ ಸುಗ್ಗಿ ಮುಗಿದ ಮೇಲೆ ಬಂಡಿಜಾಡು ಗಟ್ಟಿಯಾಗಿದ್ದಕ್ಕೆ ಪಂದ್ಯ ಗಾಲಿಯ ಮೇಲೆ ಹೋಯಿತು.

ಬ್ರಿಟಿಷರು ಜಿಗಿತದ ರೇಸನ್ನು ಭಾರತಕ್ಕೆ ತರಲೇ ಇಲ್ಲವೇ ಎಂದರೆ, ತಂದಿದ್ದರು. ಕೋಲ್ಕತ್ತದ ಟಾಲಿಗಂಜ್ ಕ್ಲಬ್ಬು 1895ರಲ್ಲಿ ಶುರುವಾಗಿ ಅಲ್ಲಿ ಸ್ಟೀಪಲ್‌ಚೇಸ್ ನಡೆಯುತ್ತಿತ್ತು. ಕನ್ನಡಿಗರಿಗೆ ಕುತೂಹಲದ ಸಂಗತಿ ಎಂದರೆ ಆ ಜಾಗ ಅದಕ್ಕೂ ಮೊದಲು ಶ್ರೀರಂಗಪಟ್ಟಣ ಬಿದ್ದ ಮೇಲೆ ಬಂಗಾಳಕ್ಕೆ ಗಡಿಪಾರಾದ ಟಿಪ್ಪುವಿನ ವಂಶದವರದು. ಇಂಗ್ಲೆಂಡಿನಲ್ಲಿ 1895ರಲ್ಲೇ ‘ಸ್ಪೆನ್ಸರ್’ ಎಂಬ ಮರೆಹೆಸರಿನಲ್ಲಿ ಜಿಗಿತದ ಓಟಕ್ಕಿಳಿದಿದ್ದ ಯುವ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ ಮರುವರ್ಷ ಬೆಂಗಳೂರಿನ ದಂಡಿಗೆ ಬಂದ, ಆದರೆ ಇಲ್ಲಿ ಅವನ ತಲೆ ತುಂಬಿದ್ದು ಪೋಲೊ. ದಂಡಿನವರು ಹೋದ ಮೇಲೆ ಬಾಜಿಯ ಲೆಕ್ಕಕ್ಕೆ ಒಗ್ಗುವ, ಅರ್ಧ ತಾಸಿಗೊಂದು ಮುಗಿಯುವ ಸಪಾಟು ಓಟ ಮಾತ್ರ ಉಳಿಯಿತು. ಇಂದು ದೇಶದ ಯಾವ ರೇಸ್ ಕ್ಲಬ್ಬಿನಲ್ಲೂ ಕುದುರೆ ಜಿಗಿಯುವುದಿಲ್ಲ.

ಜಿಗಿಯುವ ಕುದುರೆ ನೋಡಬೇಕೆಂದರೆ ಕರ್ನಾಟಕದಲ್ಲಿ ಹೋಗಬೇಕಾದ್ದು ಸವಾರಿ ಶಾಲೆಗಳಿಗೆ. ಬೆಂಗಳೂರಿನ ಸೇನಾ ಸರಬರಾಜು ದಳದ ಕೇಂದ್ರದಲ್ಲಿ ಸವಾರಿಯ ಪರಂಪರೆ ಇದೆ. ದೇವನಹಳ್ಳಿ ಬಳಿಯ ಎಂಬೆಸಿ ಸವಾರಿ ಶಾಲೆಯ ಬೆಂಬಲದಲ್ಲಿ ಬೆಳೆದ ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ತಂದರು, ಟೋಕಿಯೊ ಒಲಿಂಪಿಕ್ಸಿನಲ್ಲಿ ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಕೊನೆಯ ಸುತ್ತಿಗೆ ಹೋಗಿ 23ನೆಯವರಾದರು. ಅವರ ಆಟ ಈವೆಂಟಿಂಗ್: ಒಂದು ದಿನ ಶಿಸ್ತಿನ ನಡೆ, ಒಂದು ದಿನ ಬಯಲಿನಲ್ಲಿ ಬೇಲಿ-ಹಳ್ಳ ದಾಟುವ ಓಟ, ಒಂದು ದಿನ ಅಖಾಡದ ಜಿಗಿತ. ಅಶ್ವದಳದ ಕುದುರೆಯ ಪರೀಕ್ಷೆಯಾಗಿ ಹುಟ್ಟಿದ್ದು ಅದು. ಅಲ್ಲಿ ಕುದುರೆ ಒಂಟಿಯಾಗಿ ಹಾರುತ್ತದೆ, ಗಡಿಯಾರದ ವಿರುದ್ಧ. ಐಂಟ್ರಿಯಲ್ಲಿ ಪಕ್ಕದಲ್ಲಿ, ಮುಂದೆ, ಹಿಂದೆ ಕುದುರೆಗಳೇ. ಅಪಾಯ ಹೆಚ್ಚುವುದು ಈ ನೂಕಾಟದಿಂದ.

ಆ ಅಪಾಯವನ್ನು ಮುಚ್ಚಿಟ್ಟು ಈ ಓಟದ ಗುಣಗಾನ ಮಾಡುವುದು ಅಪ್ರಾಮಾಣಿಕ. 2012ರ ನ್ಯಾಷನಲ್ಲಿನಲ್ಲಿ ಎರಡು ಕುದುರೆ ಸತ್ತವು. ಮರುವರ್ಷ ಬೇಲಿಯ ಒಡಲು ಬದಲಾದದ್ದು ಆ ಗದ್ದಲದ ಫಲ. 2023ರಲ್ಲಿ ಪ್ರಾಣಿಹಕ್ಕುಗಳ ಹೋರಾಟಗಾರರು ಮೈದಾನಕ್ಕೇ ನುಗ್ಗಿ ಓಟ ತಡವಾಯಿತು, ನೂರಕ್ಕೂ ಮಿಕ್ಕಿ ಜನರ ಬಂಧನವಾಯಿತು, ಅದೇ ಓಟದ ಮೊದಲ ಬೇಲಿಯಲ್ಲೇ ಹಿಲ್ ಸಿಕ್ಸ್‌ಟೀನ್ ಎಂಬ ಕುದುರೆ ಸತ್ತಿತು. 2024ಕ್ಕೆ ಕುದುರೆಗಳ ಮಿತಿಯನ್ನು 40ರಿಂದ 34ಕ್ಕೆ ಇಳಿಸಿದರು. ಮೊದಲ ಬೇಲಿಗೆ ಕುದುರೆಗಳು ಪೂರ್ತಿ ವೇಗ ಹಿಡಿದು ಬರದಂತೆ ಅದನ್ನು 60 ಗಜ ಹತ್ತಿರಕ್ಕೆ ಸರಿಸಿದರು. ಆ ವರ್ಷ ಒಂದು ಕುದುರೆಯೂ ಮುಗ್ಗರಿಸಿ ಬೀಳಲಿಲ್ಲ. ಹಳಬರು ‘ಇದು ಹಳೆಯ ನ್ಯಾಷನಲ್ ಅಲ್ಲ’ ಎಂದು ಗೊಣಗಿದರು. ಗೊಣಗಲಿ. ಈ ಸುಧಾರಣೆಗಳು ಸಾಕು ಎಂದು ನಾನು ಹೇಳಲಾರೆ, ಆದರೆ ಸತ್ತ ಪ್ರತಿ ಕುದುರೆಯ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ಆಯೋಜಕರು ಉತ್ತರ ಕೊಡಬೇಕಾಗುತ್ತದೆ.

ನಮ್ಮಲ್ಲಿ ವಾದ ನಡೆದದ್ದು ಕೋರ್ಟಿನಲ್ಲಿ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಬಂಡಿ ಓಟಗಳನ್ನು ನಿಷೇಧಿಸಿತು. ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳ, ಎತ್ತಿನ ಓಟ, ಬಂಡಿ ಓಟಗಳಿಗೆ ದಾರಿ ಮಾಡಿತು, 2023ರ ಮೇ 18ರಂದು ಸಂವಿಧಾನ ಪೀಠ ಅಂಥ ಕಾನೂನುಗಳನ್ನು ಎತ್ತಿಹಿಡಿಯಿತು. ಆ ತಿದ್ದುಪಡಿಯಲ್ಲಿ ಕುದುರೆಯ ಹೆಸರಿಲ್ಲ. ಕುದುರೆ ಗಾಡಿಯ ಶರ್ಯತ್ತು ಡಾಂಬರು ರಸ್ತೆಯ ಮೇಲೆ, ಅಕ್ಕಪಕ್ಕ ಹಾರ್ನ್ ಹೊಡೆಯುತ್ತ ಬೈಕುಗಳು ಓಡುತ್ತಿರುವಾಗ ನಡೆಯುವುದನ್ನು ನೋಡಿದರೆ ನನಗೆ ಐಂಟ್ರಿಯ ಬೇಲಿಗಿಂತ ಹೆಚ್ಚು ಎದೆ ಹೊಡೆದುಕೊಳ್ಳುತ್ತದೆ. ಡಾಂಬರಿನ ಮೇಲೆ ಜಾರಿದ ಲಾಳಕ್ಕೆ ಹಿಡಿತವೇ ಸಿಗುವುದಿಲ್ಲ. ಮಿಸ್ತ್ರಿ ಇದನ್ನು ನನಗಿಂತ ಚೆನ್ನಾಗಿ ಹೇಳಿದರು: ‘ಗಾಡಿಗೆ ಬ್ರೇಕ್ ಇರತದ ಸರ, ಕುದುರಿಗೆ ಎಲ್ಲಿಂದ ತರೂದು?’

ಮಕ್ಕಳೋ ಅಳಿಯನೋ ಆ ಕಡೆ ಇರುವ ಓದುಗರಿಗೆ ಒಂದೆರಡು ಕಿವಿಮಾತು. ಏಪ್ರಿಲಿನ ಮೂರು ದಿನದ ಜಾತ್ರೆಗೆ ಟಿಕೆಟ್ಟು ತುಟ್ಟಿ, ನೂಕುನುಗ್ಗಲು ಬೇರೆ. ಶುಕ್ರವಾರವಂತೂ ಜನ ನೋಡುವುದು ಕುದುರೆಗಿಂತ ಹೆಂಗಸರ ಟೊಪ್ಪಿಗೆಗಳನ್ನು. ಡಿಸೆಂಬರಿನ ಮೊದಲ ಭಾಗದಲ್ಲಿ ಬೆಚರ್ ಚೇಸ್ ಎಂಬ ಓಟ ಇದೇ ಬೇಲಿಗಳ ಮೇಲೆ ನಡೆಯುತ್ತದೆ, ಆಗ ಆರಾಮಾಗಿ ನೋಡಬಹುದು. ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತಾಡಿಸುವ ಪೆರೇಡ್ ರಿಂಗಿಗೆ ತಪ್ಪದೆ ಹೋಗಿ: ಕಿವಿ ನೆಟ್ಟಗಿದೆಯೇ, ಬೆವರು ನೊರೆಗಟ್ಟಿದೆಯೇ ಎಂದು ಅಲ್ಲಿ ನೋಡಿದ್ದು ಬುಕ್ಕಿಯ ಬೋರ್ಡಿಗಿಂತ ಹೆಚ್ಚು ಹೇಳುತ್ತದೆ. ಹೊರಡುವ ಮುನ್ನ ಹವಾಮಾನ ವಿಚಾರಿಸಿ, 2024ರ ಡಿಸೆಂಬರಿನಲ್ಲಿ ಬಿರುಗಾಳಿಗೆ ಇಡೀ ದಿನದ ಓಟ ರದ್ದಾಗಿತ್ತು. ಹಾಗಾದರೂ ನಿರಾಶೆ ಬೇಡ. ಲಿವರ್‌ಪೂಲ್ ಸೆಂಟ್ರಲ್‌ನಿಂದಲೇ ಇನ್ನೊಂದು ಲೋಕಲ್ ರೈಲು ಸೌತ್‌ಪೋರ್ಟಿಗೆ ಹೋಗುತ್ತದೆ. ರೆಡ್ ರಮ್ ಓಡಿದ ಉಸುಕಿನ ದಂಡೆಗೆ ಟಿಕೆಟ್ಟೂ ಬೇಕಿಲ್ಲ.